ಮಂಜಿಗೆ ಹಳದಿ ಬಲ್ಬು

"ಬಿಳಿ ಬಲ್ಬು ಹಾಕಿದ್ರೆ ಮಂಜು ಚೆನ್ನಾಗಿ ಕಾಣ್ಸುತ್ತೆ, ರಸ್ತೆ ಕಾಣ್ಸಲ್ಲ," ಎಂದರು ಮುಗಿಯೋನೊ.

ಹೇಳಿದ್ದು ತಮ್ಮ ಅಣ್ಣನ ಮಗ ರಿಸ್ವಾಂತೊನಿಗೆ. ಹುಡುಗನಿಗೆ ಪೇಟೆಯ ಗಾಡಿಗಳ ಹಾಗೆ ಬೆಳ್ಳಗೆ ಹೊಳೆಯುವ ದೀಪ ಬೇಕಿತ್ತು. ಅವತ್ತು ಅವನ ಲಮಾರನ್, ಅಂದರೆ ಹೆಣ್ಣು ಕೇಳಲು ಗಾರುಂಗ್‌ಗೆ ಹೋಗುವ ದಿನ. ಹಿಂದಿನ ಸಲ ಹೊರಟಾಗ ಇಳಿಜಾರಿನಲ್ಲಿ ಎರಡೂ ದೀಪ ಕಣ್ಮುಚ್ಚಿ, ಮಂಜಿನಲ್ಲಿ ತಡವರಿಸುತ್ತ ಮನೆಗೇ ಮರಳಿದ್ದೆವು. ಇವತ್ತೂ ಬರದಿದ್ದರೆ ಅಪ್ಪ ಕೋಳಿ ವ್ಯಾಪಾರಿಯ ಸಂಬಂಧಕ್ಕೆ ಹೂಂ ಅನ್ನುತ್ತಾರೆ ಎಂದು ಹುಡುಗಿ ಪುರ್ವಾಂತಿ ಬೆಳಿಗ್ಗೆಯೇ ಫೋನು ಮಾಡಿದ್ದಳಂತೆ. ಆಗಿನಿಂದ ರಿಸ್ವಾಂತೊ ತುತ್ತು ಮುಟ್ಟಿರಲಿಲ್ಲ.

ಪಕ್ಕದ ಮನೆಯ ನಾನು ಆ ದಿಬ್ಬಣದ ಮಾತುಗಾರ. ಗಂಡಿನ ಕಡೆಯ ಮಾತನ್ನು ಬೇರೆಯವರೇ ಆಡಬೇಕು, ನಮ್ಮಲ್ಲಿ ಹಾಗೆ. ಆದರೆ ಗಾಡಿಯೇ ಹೊರಡದಿದ್ದರೆ ಮಾತು ಯಾರ ಮುಂದೆ? ದಿಯೆಂಗ್ ಗುಡ್ಡದಲ್ಲಿ ಮಧ್ಯಾಹ್ನ ಕಳೆದರೆ ಮಂಜು ಆಲೂಗಡ್ಡೆ ಹೊಲ ಹತ್ತಿ ಅಂಗಳಕ್ಕೇ ಬಂದು ಕೂರುತ್ತದೆ.

ಹಳದಿಯೇ ಗೆದ್ದಿತು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಆ ಪುಟ್ಟ ಹಳೇ ಜೀಪಿನ ಮುಂದೆ ಮುಗಿಯೋನೊ ಕುಕ್ಕರಗಾಲಲ್ಲಿ ಕೂತರು. ಅಷ್ಟರಲ್ಲಿ ಹುಡುಗನ ತಾಯಿ ಕಾರ್ಸಿನೆಮ್ ಒಲೆಯಿಂದಿಳಿಸಿದ ತೆಂಪೆಯ ತಟ್ಟೆ ತಂದಿಟ್ಟರು. ಸೋಯಾ ಬಿಲ್ಲೆಯನ್ನು ಅರಿಶಿನದ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಬೆರಳೆಲ್ಲ ಎಣ್ಣೆಯಾಗುತ್ತದೆ, ಹಾಗಂತ ಬಿಡುವಂತಿಲ್ಲ. ಕೆಲಸಕ್ಕೆ ಬಂದವರು ತಿನ್ನದೆ ಕೈ ಹಾಕಿದರೆ ಆ ಮನೆಗೇ ಅವಮಾನ. ನಾವೆಲ್ಲ ಮರ್ಯಾದೆ ಕಾಪಾಡಿದೆವು.

ಎಡಗಡೆಯ ಬಲ್ಬನ್ನು ರಿಸ್ವಾಂತೊ ಹಾಕಿದ, ಬಲಗಡೆಯದನ್ನು ಮುಗಿಯೋನೊ. ದೀಪದ ಬಳೆ ಬಿಚ್ಚಿ, ಹಿಂದಿನ ರಬ್ಬರು ಟೋಪಿ ತೆಗೆದು, ಬಲ್ಬಿನ ಮೂರು ಕಿವಿಗಳನ್ನು ಒಳಗಿನ ಕಚ್ಚುಗಳಿಗೆ ಹೊಂದಿಸಿ, ತಂತಿಯ ಕ್ಲಿಪ್ಪು ಬಿಗಿದರು. ಎರಡೂ ಹತ್ತಿಕೊಂಡವು. ಒಂದು ಚಹಾ ಮುಗಿಯುವಷ್ಟರಲ್ಲಿ ಬಲಗಡೆಯದು ಟಪ್ಪೆಂದು ಸಿಡಿಯಿತು.

ಮುಗಿಯೋನೊ ವೈರನ್ನು ಬೈದರು, ಅಂಗಡಿಯವನನ್ನು ಬೈದರು, ಇನ್ನೊಂದು ತೆಂಪೆ ತಿಂದು ಹೊಸ ಬಲ್ಬು ಹಾಕಿದರು. ಅದೂ ಸಿಡಿಯಿತು. ಬಲಗಡೆಗೆ ಯಾರದೋ ದೃಷ್ಟಿಯಾಗಿದೆ ಎಂದು ನಾನು ನನ್ನ ಪಾಲಿನ ಜ್ಞಾನ ಸೇರಿಸಿದೆ. ಉಳಿದದ್ದು ಒಂದೇ ಬಲ್ಬು.

ಅದನ್ನು ಡಬ್ಬಿಯಿಂದ ತೆಗೆಯಲು ಮುಗಿಯೋನೊ ಕೈ ಚಾಚಿದಾಗ ಕಾರ್ಸಿನೆಮ್ ತಡೆದರು. ಅವರ ಕೈಯಲ್ಲಿ ಸಿಡಿದ ಬಲ್ಬಿನ ಬುಡವಿತ್ತು, ಅದಕ್ಕಂಟಿದ ಗಾಜಿನ ಚೂರಿನ ಮೇಲೆ ಸುಟ್ಟು ಕಪ್ಪಾದ ಒಂದು ಹೆಬ್ಬೆಟ್ಟಿನ ಗುರುತು.

"ಇದು ಯಾರ ದೃಷ್ಟಿನೂ ಅಲ್ಲ, ನನ್ನ ಬಾಣಲೆ ಎಣ್ಣೆ," ಎಂದರು. "ಕಾದ ಗಾಜಿಗೆ ಜಿಡ್ಡು ಆಗುತ್ತೇನಪ್ಪಾ? ಈ ಮನೇಲಿ ಒಣ ಕೈ ಯಾರದಿದೆ ನೋಡಿ."

ನಾವು ನಮ್ಮ ನಮ್ಮ ಕೈ ನೋಡಿಕೊಂಡೆವು. ದಿಬ್ಬಣಕ್ಕೆಂದು ಬಂದು ಪಕ್ಕದಲ್ಲಿ ನಿಂತಿದ್ದ ಮಸೀದಿಯ ಇಮಾಮರು ಮೆಲ್ಲಗೆ ತಮ್ಮ ಕೈಯನ್ನು ಬೆನ್ನ ಹಿಂದೆ ಒಯ್ದರು. ಉಳಿದವನು ಹಸಿದ ಮದುಮಗನೊಬ್ಬನೇ.

"ಲೇ, ನೀನೇ ಹಾಕು. ಗಾಜು ಮುಟ್ಬೇಡ, ಬುಡ ಹಿಡ್ಕೋ," ಎಂದರು ಮುಗಿಯೋನೊ, ತಾವು ಹುಟ್ಟುವಾಗಲೇ ಇದನ್ನು ಕಲಿತು ಬಂದವರ ಹಾಗೆ.

"ಕೈ ನಡುಗ್ತಿದೆ, ಲಿಕ್," ಎಂದ ಹುಡುಗ ಚಿಕ್ಕಪ್ಪನಿಗೆ.

"ನಡುಗ್ಲಿ ಬಿಡು. ನಡುಕಕ್ಕೇನು ಜಿಡ್ಡಿದ್ಯಾ?"

ಇಸ್ತ್ರಿಯ ಬಾಟಿಕ್ ಅಂಗಿಯಲ್ಲೇ ಮಂಡಿಯೂರಿ ಅವನು ಬಲ್ಬು ಕೂರಿಸಿದ. ಮತ್ತೊಂದು ಸುತ್ತು ಚಹಾ ಬಂತು. ಚಹಾ ಮುಗಿಯಿತು, ದೀಪ ಉಳಿಯಿತು. ದಾರಿಯುದ್ದಕ್ಕೂ ಆ ಹಳದಿ ಬೆಳಕು ಮಂಜಿನ ಕೆಳಗೆ ತೂರಿಕೊಂಡು ರಸ್ತೆಯ ಅಂಚನ್ನು ತೋರಿಸುತ್ತ ಬಂತು. ಗಾರುಂಗ್‌ ಮುಟ್ಟಿದಾಗ ಕತ್ತಲಿಳಿಯುತ್ತಿತ್ತು.

ಪುರ್ವಾಂತಿಯ ಅಪ್ಪ ಜಗಲಿಯಲ್ಲೇ ನಿಂತಿದ್ದರು. ಕೋಳಿ ವ್ಯಾಪಾರಿ ಕೂಡ ಒಳ್ಳೆಯವನೇ ಎಂದರು. ನಾನು ಕಲಿತು ತಂದ ಮಾತೆಲ್ಲ ಆಡಿ ಮುಗಿಸಿದರೂ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಅಂಗಳದಲ್ಲಿ ಉರಿಯುತ್ತಲೇ ಇದ್ದ ದೀಪಗಳನ್ನು ನೋಡಿದರು.

"ಆರಿಸ್ರಪ್ಪ, ಬ್ಯಾಟರಿ ಸತ್ತು ಹೋಗುತ್ತೆ."

"ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ, ಪಾಕ್," ಎಂದರು ಮುಗಿಯೋನೊ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ. "ನೀವು ಬೇಡ ಅಂದ್ರೆ ಈಗ್ಲೇ ವಾಪಸ್ ಹೋಗ್ಬೇಕಲ್ಲ. ಉತ್ತರ ಬಂದ್ಮೇಲೆ ಆರಿಸ್ತೀವಿ."

ಒಳಬಾಗಿಲ ಪರದೆ ಸರಿಯಿತು. ಪುರ್ವಾಂತಿ ಯಾರನ್ನೂ ನೋಡದೆ ಮೆಟ್ಟಿಲಿಳಿದು, ಅಂಗಳ ದಾಟಿ, ಜೀಪಿನ ಬಾಗಿಲು ತೆರೆದು ದೀಪ ಆರಿಸಿದಳು.