ಸೊಸೆಗೆ ಜ್ವರ, ಕರುವಿಗೆ ಭೇದಿ

ಕೊರೊನಾ ಕಾಲ. ಒಬ್ಬರು ಕೆಮ್ಮಿದರೆ ಎದುರುಮನೆಯ ಕಿಟಕಿ ಮುಚ್ಚುತ್ತಿತ್ತು. ಜ್ವರ ಬಂದ ಮನೆಯವರಿಗೆ ಜ್ವರಕ್ಕಿಂತ ಊರಬಾಯಿಯದೇ ಹೆಚ್ಚು ಹೆದರಿಕೆ. ಇನ್ನು ಆ ಮನೆಯಲ್ಲಿ ದನಕರು ಇದ್ದರಂತೂ ಕೇಳುವುದೇ ಬೇಡ. ಹುಷಾರಿಲ್ಲವೆಂದು ಕೆಲಸಕ್ಕೆ ರಜೆ ಹಾಕಬಹುದು, ಕೊಟ್ಟಿಗೆಗೆ ರಜೆ ಎಲ್ಲಿಂದ ತರುವುದು? ಹೊತ್ತಿಗೆ ಸರಿಯಾಗಿ ಹಾಲು ಕರೆಯದಿದ್ದರೆ ಹಸು ಕೂಗಿ ಕರೆಯುತ್ತದೆ.

ಅಂಥ ಒಂದು ಮನೆಯಲ್ಲಿ ಅತ್ತೆ, ಮಗ, ಸೊಸೆ ಮೂವರೇ. ಮಗ ಬಸ್ ಓಡಿಸುತ್ತಿದ್ದ. ಅತ್ತೆಗೆ ಮಂಡಿನೋವು. ಕೊಟ್ಟಿಗೆಯೆಲ್ಲ ಸೊಸೆಯದು. ಕಾಲಲ್ಲಿ ಚಕ್ರ ಕಟ್ಟಿಕೊಂಡವಳಂತೆ ಓಡಾಡುತ್ತಿದ್ದಳು. ಅತ್ತೆಗೆ ಅದು ಕಾಣುತ್ತಿರಲಿಲ್ಲವೆಂದಲ್ಲ. ಆದರೆ ಹೊಗಳಿದರೆ ಸೊಸೆ ತಲೆಯ ಮೇಲೆ ಕೂರುತ್ತಾಳೆಂದು ಬಾಯಿ ಬಿಗಿಹಿಡಿದಿದ್ದರು.

ಒಂದು ಬೆಳಗ್ಗೆ ಹಾಲು ಕರೆದು ಎದ್ದಾಗ ಸೊಸೆಗೆ ಮೈ ಸುಡುತ್ತಿತ್ತು. ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ ಬಂದವಳು ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತಳು.

"ಅತ್ತೆ, ಅಲ್ಲೇ ಇರಿ. ನನಗೆ ಕೊರೊನಾ ಇದೆಯಂತೆ. ಹಿತ್ತಲ ಕೋಣೆಯಲ್ಲಿ ಇರ್ತೀನಿ. ಊಟ ಬಾಗಿಲ ಹತ್ರ ಇಟ್ಟು ಹೋಗಿ. ನೀವಿಬ್ಬರೂ ಮಾಸ್ಕ್ ತೆಗೀಬೇಡಿ, ಹೊರಗೂ ಹೋಗಬೇಡಿ."

"ಹಾಲು ಯಾರು ಕರೀತಾರೆ?"

"ಅವರು ಕರೀಲಿ."

'ಅವರು' ಎಂದರೆ ಅತ್ತೆಯ ಮಗ. ಬಸ್ಸಿನ ಸ್ಟೇರಿಂಗ್ ಹಿಡಿದು ಗೊತ್ತಿತ್ತೇ ಹೊರತು ಕೆಚ್ಚಲು ಹಿಡಿದು ಗೊತ್ತಿರಲಿಲ್ಲ. ಮೊದಲ ದಿನ ಹಸು ಅವನನ್ನು ಒಮ್ಮೆ ತಿರುಗಿ ನೋಡಿ ಬಕೆಟ್ಟನ್ನು ಒದ್ದುಬಿಟ್ಟಿತು. ಹಿತ್ತಲ ಕೋಣೆಯ ಕಿಟಕಿ ಕೊಟ್ಟಿಗೆಯ ಕಡೆಗೇ ಇತ್ತು. ಸೊಸೆ ಅಲ್ಲಿಂದಲೇ ಹೇಳಿಕೊಟ್ಟಳು. "ಎಳೀಬೇಡ್ರೀ, ಅದು ಹಗ್ಗ ಅಲ್ಲ! ಮೇಲಿಂದ ಕೆಳಕ್ಕೆ ಒತ್ತಿ." ಸಂಜೆಯ ಹೊತ್ತಿಗೆ ಹಸು ಒದೆಯುವುದನ್ನು ಬಿಟ್ಟಿತ್ತು.

ಮಾರನೆಯ ದಿನ ಹೊಸ ತಾಪತ್ರಯ. ಕೆಲವು ದಿನಗಳ ಹಿಂದಷ್ಟೇ ಹುಟ್ಟಿದ್ದ ಹೆಣ್ಣುಕರುವಿಗೆ ಭೇದಿ ಶುರುವಾಯಿತು. ಕಿವಿ ಜೋಲುಬಿದ್ದು, ಕಣ್ಣು ಒಳಕ್ಕೆ ಸೇರಿ, ಮಧ್ಯಾಹ್ನದ ಹೊತ್ತಿಗೆ ಮೂಲೆಯಲ್ಲಿ ಮಲಗಿಬಿಟ್ಟಿತು.

ಪಕ್ಕದ ಮನೆಯವನಿಗೆ ಬೀದಿಯಲ್ಲೆಲ್ಲ 'ರೇಡಿಯೋ' ಎಂದು ಹೆಸರು. ಅವನಿಗೆ ತಿಳಿದ ಸುದ್ದಿ ಇಡೀ ಬೀದಿಗೆ ತಿಳಿದ ಹಾಗೆ. ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದ.

"ಅಕ್ಕಾ, ಕರುಗೂ ಅಂಟಿಬಿಡ್ತಾ! ನಿನ್ನ ಸೊಸೆ ಜ್ವರದಲ್ಲೇ ಹಾಲು ಕರೆದ್ಲಲ್ಲ, ಅವಳಿಂದಲೇ ಬಂದಿರೋದು. ಇವತ್ತು ಕರು, ನಾಳೆ ಹಸು, ನಾಡಿದ್ದು ನಮ್ಮೆಲ್ಲರ ಮನೆ."

ಅತ್ತೆ ಕರುವನ್ನೊಮ್ಮೆ, ಸೊಸೆಯ ಕಿಟಕಿಯನ್ನೊಮ್ಮೆ ನೋಡಿದರು. "ಏನಪ್ಪಾ ಮಾಡೋದೀಗ?"

"ಬ್ಲೀಚಿಂಗ್ ಪೌಡರ್ ಕಲಸಿ ಎಲ್ಲದರ ಮೈಗೂ ಎರಚು. ಆಮೇಲೆ ಊರಾಚೆ ಹೊಡೆದುಬಿಡು. ಜೀವಕ್ಕಿಂತ ದನ ಹೆಚ್ಚಾ?"

ಹೆದರಿದಾಗ ಬುದ್ಧಿ ಎಲ್ಲಿ ನಿಲ್ಲುತ್ತದೆ? ಅತ್ತೆ ಮಂಡಿನೋವನ್ನೂ ಮರೆತು ಬಕೆಟ್ ತುಂಬ ಬ್ಲೀಚಿಂಗ್ ಪೌಡರ್ ಕಲಸಿದರು. ಪೊರಕೆ ಅದ್ದಿ ಕರುವಿನ ಕಡೆ ನಡೆದರು. ವಾಸನೆಗೆ ಅವರದೇ ಕಣ್ಣಲ್ಲಿ ನೀರು ಬಂತು.

"ಅತ್ತೇ! ಬಕೆಟ್ ಕೆಳಗಿಡಿ!"

ಕಿಟಕಿಯಿಂದ ಬಂದ ಕೂಗಿಗೆ ಅತ್ತೆ ಬೆಚ್ಚಿಬಿದ್ದರು. ಸೊಸೆ ಅವರ ಮುಂದೆ ದನಿ ಏರಿಸಿದ್ದು ಅದೇ ಮೊದಲು. ಕೂಗಿದ ರಭಸಕ್ಕೆ ಕೆಮ್ಮು ಒತ್ತಿಕೊಂಡು ಬಂತು. ಸುಧಾರಿಸಿಕೊಂಡು ಹೇಳಿದಳು, "ಅದು ನೆಲ ತೊಳೆಯೋ ಪುಡಿ ಅತ್ತೆ. ಎಳೆ ಕರುವಿನ ಚರ್ಮ ಸುಟ್ಟುಹೋಗತ್ತೆ. ನೆಕ್ಕಿದರೆ ಹೊಟ್ಟೆಗೂ ಹೋಗತ್ತೆ. ಡಾಕ್ಟ್ರಮ್ಮಂಗೆ ಆಗಲೇ ಫೋನ್ ಮಾಡಿದೀನಿ, ಬರ್ತಿದಾರೆ."

"ಕೊಟ್ಟಿಗೆಗೆಲ್ಲ ಅಂಟಿಸಿಬಿಟ್ಟಲ್ಲೇ ಮಗಳೇ," ಎಂದುಬಿಟ್ಟರು ಅತ್ತೆ.

ಸೊಸೆ ಕಿಟಕಿಯ ಸರಳು ಹಿಡಿದು ಕರುವನ್ನೇ ನೋಡುತ್ತಿದ್ದಳು.

ಪಶು ಆಸ್ಪತ್ರೆಯ ಡಾಕ್ಟ್ರಮ್ಮ ಬೈಕ್ ಇಳಿದು, ಮಾಸ್ಕ್ ಸರಿಮಾಡಿಕೊಂಡು, ಕೈಗೆ ಗ್ಲೌಸ್ ಹಾಕಿ ನೇರವಾಗಿ ಕೊಟ್ಟಿಗೆಗೆ ಬಂದರು. ಕರುವಿನ ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರು. ಮಡಿಕೆ ಬೇಗ ಇಳಿಯಲಿಲ್ಲ.

"ಮೈಯಲ್ಲಿ ನೀರು ಕಮ್ಮಿಯಾಗಿದೆ. ಸದ್ಯ, ಇವತ್ತೇ ಕರೆದಿರಿ."

ಅತ್ತೆ ದೂರದಲ್ಲಿ ನಿಂತು ಕೇಳಿದರು, "ಡಾಕ್ಟ್ರಮ್ಮ, ಮುಚ್ಚುಮರೆ ಬೇಡ. ಸೊಸೆಯ ಕೊರೊನಾ ಇದಕ್ಕೆ ಬಂದಿದೆ ತಾನೇ?"

"ಇಲ್ಲಮ್ಮ. ಎಳೆ ಕರುಗಳಿಗೆ ಹೀಗೆ ಭೇದಿ ಆಗೋದು ಕೊರೊನಾ ಬರೋಕೆ ಮುಂಚಿನಿಂದಲೂ ಇದೆ. ನಿಮ್ಮ ಕಾಲದಲ್ಲಿ ಆಗ್ತಿರಲಿಲ್ವಾ?"

ಅತ್ತೆಗೆ ನೆನಪಾಯಿತು. ಆಗುತ್ತಿತ್ತು. ಎಷ್ಟೋ ಕರುಗಳಿಗೆ ಆಗಿತ್ತು.

"ತಮಾಷೆ ಏನು ಗೊತ್ತಾ? ದನಗಳಿಗೆ ಅವುಗಳದೇ ಒಂದು ಕೊರೊನಾ ವೈರಸ್ ಇದೆ. ಕರುಗಳಿಗೆ ಭೇದಿ ತರೋದರಲ್ಲಿ ಅದೂ ಒಂದು. ಹೆಸರು ಕೇಳಿ ಹೆದರಬೇಡಿ. ಮನೆತನ ಒಂದೇ, ಆಸಾಮಿ ಬೇರೆ. ನಿಮ್ಮ ಸೊಸೆಗೆ ಬಂದಿರೋದು ಅದಲ್ಲ."

ಕಾಂಪೌಂಡಿನ ಆಚೆ ರೇಡಿಯೋ ಕಿವಿ ನಿಮಿರಿಸಿ ನಿಂತಿದ್ದ. "ಹಾಗಾದ್ರೆ ಮನುಷ್ಯರದ್ದು ದನಕ್ಕೆ ಬರೋದೇ ಇಲ್ವಾ?"

"ಬರೋದೇ ಇಲ್ಲ ಅಂತ ನಾನು ಹೇಳಲ್ಲ," ಎಂದರು ಡಾಕ್ಟ್ರಮ್ಮ. "ವಿಜ್ಞಾನಿಗಳು ಬೇಕಂತಲೇ ದನದ ಮೂಗಿಗೆ ವೈರಸ್ ಹಾಕಿ ನೋಡಿದ್ದಾರೆ. ಕೆಲವಕ್ಕೆ ಮಾತ್ರ, ಅದೂ ಸ್ವಲ್ಪ ತಗುಲಿತು. ಜೊತೆಗಿದ್ದ ದನಕ್ಕೆ ದಾಟಲಿಲ್ಲ. ಅಂದರೆ ಬರೋ ಸಾಧ್ಯತೆ ತೀರಾ ಕಮ್ಮಿ. ದನದಿಂದ ಜನಕ್ಕೆ ಹಬ್ಬುತ್ತೆ ಅನ್ನೋದಕ್ಕಂತೂ ಆಧಾರ ಸಿಕ್ಕಿಲ್ಲ."

"ನಾನು ಸಾಕಿರೋ ಕೋಳಿಗೆ?" ರೇಡಿಯೋ ಬಿಡಲಿಲ್ಲ.

"ಕೋಳಿಗೆ ತಗುಲಿಸೋಕೆ ನೋಡಿದ್ರು, ತಗುಲಲೇ ಇಲ್ಲ. ನಿಮ್ಮ ಕೋಳಿ ನಿಮಗಿಂತ ಕ್ಷೇಮ. ಹಾಗಂತ ಎಲ್ಲ ಪ್ರಾಣಿಗೂ ಒಂದೇ ಮಾತು ಅಲ್ಲ. ಕೆಲವು ದೇಶಗಳಲ್ಲಿ ತುಪ್ಪಳಕ್ಕೆ ಅಂತ ಮಿಂಕ್ ಸಾಕ್ತಾರೆ, ಮುಂಗುಸಿ ಹಾಗಿರತ್ತೆ. ಅವಕ್ಕೆ ಕೆಲಸದವರಿಂದ ಅಂಟಿ ಫಾರ್ಮ್‌ಗಟ್ಟಲೆ ಹಬ್ಬಿತ್ತು. ಅವುಗಳಿಂದ ಕೆಲವರಿಗೆ ವಾಪಸ್ಸೂ ಬಂತು. ಬೆಕ್ಕು, ನಾಯಿಗೂ ಮನೆಯವರಿಂದ ಬರಬಹುದು." ಹೀಗೆನ್ನುತ್ತಾ ಡಾಕ್ಟ್ರಮ್ಮ ಕಿಟಕಿಯ ಕಡೆ ತಿರುಗಿದರು.

ಸೊಸೆಯ ಪಕ್ಕದಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಮನೆಯ ಬೆಕ್ಕು ಕಾಲು ಚಾಚಿ ಮಲಗಿತ್ತು.

"ಅಯ್ಯೋ! ಹಸು ಹಸು ಅಂತ ಕುಣಿದು ಇದನ್ನ ಮರೆತೇಬಿಟ್ವಲ್ಲ," ಎಂದರು ಅತ್ತೆ.

ಸೊಸೆ ನಾಲಿಗೆ ಕಚ್ಚಿಕೊಂಡಳು. "ಒಬ್ಬಳೇ ಇದೀನಲ್ಲ, ಜೊತೆಗಿರಲಿ ಅಂತ..."

"ಹುಷಾರಾಗೋವರೆಗೂ ಬೆಕ್ಕನ್ನ ಮುದ್ದಿಸೋದು, ಪಕ್ಕದಲ್ಲಿ ಮಲಗಿಸೋದು ಬೇಡಮ್ಮ. ಬಂದರೂ ಸಾಮಾನ್ಯವಾಗಿ ಸಣ್ಣದಾಗಿ ಹೋಗತ್ತೆ, ಆದರೂ ಯಾಕೆ? ಮನೆಯವರ ಹತ್ರ ಬಿಡಿ. ಬೀದಿಗೆ ಮಾತ್ರ ಅಟ್ಟಬೇಡಿ."

ಮಗ ಬಂದು ಬೆಕ್ಕನ್ನು ಎತ್ತಿಕೊಂಡು ಹೋದ. ಬೆಕ್ಕಿಗೆ ಆದ ಅವಮಾನ ಅದರ ಮುಖದಲ್ಲೇ ಕಾಣುತ್ತಿತ್ತು.

"ಹಾಲು ಕುಡಿಯಬಹುದಾ?" ಅತ್ತೆ ಕೇಳಿದರು.

"ಎಂದಿನ ಹಾಗೆ ಚೆನ್ನಾಗಿ ಕಾಯಿಸಿ ಕುಡೀರಿ. ಕರೆಯೋರು ಮಾಸ್ಕ್ ಹಾಕಿ, ಮುಂಚೆ ಸೋಪಿನಿಂದ ಕೈ ತೊಳೀಲಿ, ಆಮೇಲೂ ತೊಳೀಲಿ. ಮನೇಲಿ ಬೇರೆ ಯಾರೂ ಇಲ್ಲದೆ ಜ್ವರ ಇರೋರೇ ಕರೀಬೇಕಾಗಿ ಬಂದರೂ ಇದೇ ಕ್ರಮ. ದನದ ಮೂತಿಗೆ ಮುಖ ತಾಗಿಸದೆ, ಕೆಲಸ ಮುಗಿಸಿ ಬೇಗ ಹೊರಗೆ ಬರೋದು. ಆದರೆ ಸ್ಯಾನಿಟೈಸರ್, ಬ್ಲೀಚಿಂಗ್ ಪೌಡರ್ ಪ್ರಾಣಿ ಮೈಗೆ ಸೋಕಿಸಲೇಬಾರದು. ಮಾಸ್ಕೂ ಕಟ್ಟಬೇಡಿ ಮತ್ತೆ, ಉಸಿರು ಕಟ್ಟತ್ತೆ."

ಅತ್ತೆ ಬಕೆಟ್ಟನ್ನು ಮೆಲ್ಲನೆ ಕಾಲಿನಿಂದ ಬಾಗಿಲ ಹಿಂದಕ್ಕೆ ಸರಿಸಿದರು. ಡಾಕ್ಟ್ರಮ್ಮ ನೋಡಿಯೂ ನೋಡದಂತಿದ್ದರು.

ಕರುವಿಗೆ ಔಷಧಿ ಕೊಟ್ಟರು. ನೀರಿನಲ್ಲಿ ಕಲಸುವ ಲವಣದ ಪುಡಿಯ ಪೊಟ್ಟಣಗಳನ್ನೂ ಅತ್ತೆಯ ಕೈಗಿತ್ತರು. ತಾಯಿಹಾಲು ನಿಲ್ಲಿಸಬೇಡಿ, ನಡುನಡುವೆ ಈ ನೀರು ಕುಡಿಸಿ, ಬೇರೆ ಕರುಗಳಿದ್ದರೆ ಅವುಗಳಿಂದ ದೂರ ಕಟ್ಟಿ, ಕುಡಿಯದಿದ್ದರೆ ತಕ್ಷಣ ಕರೆಯಿರಿ ಎಂದು ಹೇಳಿ ಹೊರಟರು.

ಆದರೆ ಕರು ಬಾಟಲಿಯ ನಿಪ್ಪಲಿಗೆ ಬಾಯಿ ಹಾಕಲಿಲ್ಲ. ಮಗ ಯತ್ನಿಸಿದ, ನೀರೆಲ್ಲ ಗದ್ದದಿಂದ ಇಳಿದುಹೋಯಿತು. ಅತ್ತೆ ಕಿಟಕಿಯ ಕಡೆ ನೋಡಿದರು. ಈ ಕರು ಹುಟ್ಟುವಾಗ ಅದನ್ನು ಹೊರಕ್ಕೆಳೆದು, ಮೂಗು ಒರೆಸಿ ಮೊದಲ ಉಸಿರು ತರಿಸಿದವಳೇ ಸೊಸೆ. ಬಾಗಿಲಿಗೆ ಚಿಲಕ ಇದ್ದದ್ದು ಒಳಗಿನಿಂದ. ಹತ್ತು ಹೆಜ್ಜೆಯೂ ದೂರವಿಲ್ಲ. ಓಡಿ ಬಂದಿದ್ದರೆ ಯಾರು ತಡೆಯುತ್ತಿದ್ದರು?

ಸೊಸೆ ಬರಲಿಲ್ಲ. ಸರಳನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು.

"ನಾನು ಬಂದರೆ ಕರುಗೆ ಏನೂ ಆಗಲ್ಲ ಅತ್ತೆ, ನಿಮಗೆ ಆಗತ್ತೆ," ಎಂದಳು. "ನೀವೇ ಕೂತ್ಕೊಳ್ಳಿ. ಸ್ಟೂಲ್ ಹಾಕ್ಕೊಳ್ಳಿ, ಮಂಡಿ ಮಡಚಬೇಡಿ. ಹಾಂ. ತಲೆ ತೊಡೆ ಮೇಲಿಟ್ಕೊಳ್ಳಿ. ಬೆರಳು ಬಾಯಿಗೆ ಕೊಡಿ, ಚೀಪಲಿ. ಚೀಪ್ತಾ ಇದೆಯಾ?"

"ಇಲ್ಲ ಕಣೇ."

"ಅಂಗುಳು ಮೆತ್ತಗೆ ಸವರಿ. ಅವಸರ ಬೇಡ."

ಅತ್ತೆ ಸವರಿದರು. ಸ್ವಲ್ಪ ಹೊತ್ತಿಗೆ ಒರಟು ನಾಲಿಗೆ ಬೆರಳನ್ನು ಸುತ್ತಿಕೊಂಡಿತು. "ಹಿಡೀತು! ಹಿಡೀತು ಕಣೇ!"

"ಬೆರಳಿನ ಪಕ್ಕದಲ್ಲೇ ನಿಪ್ಪಲ್ ತೂರಿಸಿ. ತಲೆ ಜಾಸ್ತಿ ಎತ್ತಬೇಡಿ."

ಕರು ಗುಟುಕರಿಸಿತು. ಕಿಟಕಿಯಲ್ಲಿ ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಅತ್ತೆಗೆ ಕಂಡಿತು. ಜ್ವರದ ಮೈ, ಕೆಮ್ಮು, ಮೇಲೆ ತಾನಾಡಿದ ಮಾತು. ಅಷ್ಟನ್ನೂ ನುಂಗಿಕೊಂಡು ಈ ಹುಡುಗಿ ತನ್ನ ಮಂಡಿಯ ಯೋಚನೆ ಮಾಡುತ್ತಿದ್ದಾಳೆ.

"ಏನೋ ಅಂದುಬಿಟ್ಟೆ ಕಣಮ್ಮ, ಮನಸ್ಸಿಗೆ ಹಚ್ಕೋಬೇಡ. ನಿನ್ನಂಥ ಗಟ್ಟಿಗಿತ್ತಿಯನ್ನ ನಾನು ನೋಡಿಲ್ಲ."

"ಈಗ ಕೈ ತೊಳ್ಕೊಳ್ಳಿ ಅತ್ತೆ, ಸೋಪು ಹಾಕಿ," ಎಂದಳು ಸೊಸೆ. ದನಿಯಲ್ಲಿ ನಗು ಇತ್ತು.

ಮಾರನೆಯ ದಿನ ಸಂಜೆಗೆ ಕರು ತನ್ನ ಕಾಲ ಮೇಲೆ ಎದ್ದು ತಾಯಿಯ ಕೆಚ್ಚಲಿಗೆ ಗುದ್ದಿತು. ಕ್ರಮೇಣ ಸೊಸೆಯ ಜ್ವರವೂ ಇಳಿಯಿತು. ಅತ್ತೆಗಾಗಲಿ ಮಗನಿಗಾಗಲಿ ಏನೂ ಆಗಲಿಲ್ಲ. ಆರೋಗ್ಯ ಕೇಂದ್ರದವರು ಹೇಳಿದ ಮೇಲೆಯೇ ಅವಳು ಬಾಗಿಲು ತೆರೆದು ಹೊರಗೆ ಬಂದಳು. ಅಷ್ಟರಲ್ಲಿ ಅತ್ತೆ ಬೀದಿಯ ತುಂಬ ಅವಳ ಗುಣಗಾನ ಮಾಡಿ ಮುಗಿಸಿದ್ದರು. ರೇಡಿಯೋ ಕೂಡ ಸಿಕ್ಕಸಿಕ್ಕವರಿಗೆ, "ದನ ಹೊಡೆದಟ್ಟಬೇಡ್ರಪ್ಪಾ, ಡಾಕ್ಟ್ರಿಗೆ ಫೋನ್ ಮಾಡಿ," ಎನ್ನುತ್ತಿದ್ದ. ಆ ಮಾತು ಮೊದಲಿನಿಂದ ತನ್ನದೇ ಎಂಬಂತೆ ಹೇಳುತ್ತಿದ್ದ ಎನ್ನಿ. ಇರಲಿ, ಒಳ್ಳೆಯ ಸುದ್ದಿ ಹರಡಿತಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಕೊರೊನಾ ಬಂದರೆ ಕೊಟ್ಟಿಗೆಯ ಕೆಲಸವನ್ನು ಆರೋಗ್ಯವಾಗಿರುವವರು ವಹಿಸಿಕೊಳ್ಳಿ. ಮಾಸ್ಕ್ ಹಾಕಿ, ಸೋಪಿನಿಂದ ಕೈ ತೊಳೆಯಿರಿ. ಬೆಕ್ಕು, ನಾಯಿಯನ್ನು ರೋಗಿಯಿಂದ ದೂರವಿಡಿ. ದನಕ್ಕೆ ಕಾಯಿಲೆಯಾದರೆ ಅದಕ್ಕೆ ಬೇರೆ ಕಾರಣವಿರುವುದೇ ಹೆಚ್ಚು. ಆ ಕಾರಣ ಏನೆಂದು ಪಶು ವೈದ್ಯರು ನೋಡಿ ಹೇಳಲಿ, ಊರಬಾಯಿ ಹೇಳುವುದು ಬೇಡ. ಇವತ್ತೇ ಅವರ ಫೋನ್ ನಂಬರನ್ನು ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಹುಷಾರಿಲ್ಲದವರಿಗೆ ಬೇಕಾಗಿರುವುದು ನಿಮ್ಮ ಆರೈಕೆ. ಪ್ರಾಣಿಗಳಿಗೂ ಅಷ್ಟೇ. ತಪ್ಪು ಹೊರಿಸುವುದರಿಂದ ಇಬ್ಬರ ಕಾಯಿಲೆಯೂ ವಾಸಿಯಾಗುವುದಿಲ್ಲ.