ನೆಮಪಾರೆಯ ಹೊಲದಲ್ಲಿ ಬಂಗಾರ

“ಲೇ ಮುಚನೇತ, ಸತ್ತ್ಯೇನೇ ಒಳಗೆ? ಸಾಯದಾದ್ರೆ ಏಳ್ಬುಟ್ಟು ಸಾಯಿ, ಇನ್ನೊಬ್ಬಳ್ನ ಇಳಿಸ್ತೀನಿ.”

ಗುಂಗುವೊನ ದನಿ ಗುಂಡಿಯ ಗೋಡೆಗೆ ಬಡಿದುಕೊಂಡು ಕೆಳಗೆ ಬಂತು. ಮುಚನೇತ ತುಟಿ ಬಿಗಿದುಕೊಂಡಳು. ಬಾಯಿ ತೆರೆದರೆ ಹೊಗೆ ನುಗ್ಗುತ್ತಿತ್ತು. ಬೆಳಿಗ್ಗೆ ಬಂಡೆಗೆ ಒತ್ತಿ ಹಾಕಿದ್ದ ಬೆಂಕಿಗೆ ಮೇಲಿಂದ ತಣ್ಣೀರು ಸುರಿದು, ಬಂಡೆ ಪಟಪಟನೆ ಬಿರುಕು ಬಿಟ್ಟು ಸ್ವಲ್ಪ ಹೊತ್ತಾಗಿತ್ತಷ್ಟೆ. ಹೊಗೆ ಹೋಗುವ ತನಕ ಕಾಯುವುದು ಹಿಂದಿನ ವಾಡಿಕೆ. ಈ ವರ್ಷ ಕಾಯುವ ಮಾತಿರಲಿಲ್ಲ. ಅವಳು ಒಂದು ಮಗ್ಗುಲಾಗಿ ಮಲಗಿ, ಬಿರುಕಿಗೆ ಕಬ್ಬಿಣದ ಉಳಿ ತೂರಿಸಿ ಗುಂಡುಕಲ್ಲಿನಿಂದ ಬಡಿಯುತ್ತಿದ್ದಳು. ಬಂಗಾರವಿದ್ದ ಬಿಳಿಕಲ್ಲಿನ ಎಳೆ ಇಲ್ಲಿ ಎಷ್ಟು ಕಿರಿದಾಗಿತ್ತೆಂದರೆ ಗಂಡಸರ ಹೆಗಲು ಹಿಡಿಸುತ್ತಿರಲಿಲ್ಲ. ಅದಕ್ಕೇ ಹೆಂಗಸರು, ಅದೂ ಹೊಟ್ಟೆಗಿಲ್ಲದೆ ಸಣಕಲಾದ ಹೆಂಗಸರು. ಗುಂಗುವೊ ಗುಂಡಿಗಳ ಮೇಸ್ತ್ರಿ. ಹೊಸಬರನ್ನು ಆರಿಸುವಾಗ ಸೊಂಟಕ್ಕೆ ಗೇಣು ಹಾಕಿ ಅಳೆಯುತ್ತಿದ್ದ. ಅಳೆಯುತ್ತಾ ಒಂದೊಂದು ಹೊಲಸು ಮಾತಾಡುತ್ತಿದ್ದ. ಆ ಮಾತಿಗೆ ನಗದ ಹೆಂಗಸಿಗೆ ಎಲ್ಲಕ್ಕಿಂತ ಆಳದ ಗುಂಡಿ.

ಮುಚನೇತ ನಕ್ಕಿರಲಿಲ್ಲ.

ಇದಕ್ಕೆ ಮೊದಲು ಅವಳದೂ ಒಂದು ಹಟ್ಟಿಯಿತ್ತು, ಮಜೋವೆ ಹೊಳೆಯ ದಂಡೆಯಲ್ಲಿ ಒಂದಿಷ್ಟು ರಾಗಿ ಬೆಳೆವ ನೆಲವಿತ್ತು. ಗಂಡ ಮುಸೆಕಿವ ಅಲ್ಲಿಂದಾಚೆ ಕಾಡಂಚಿನಲ್ಲಿ ಕಾಡುಹಂದಿ ಬೀಳಿಸಲೆಂದು ಹಳ್ಳ ತೋಡುವಾಗ ಗುದ್ದಲಿಯ ಬಾಯಿಗೆ ಹಳದಿ ಮಿಂಚು ಸಿಕ್ಕಿತು. ದೊರೆಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರ ಕಣ್ಣಿಗೆ ಬಂಗಾರ ಬಿದ್ದರೂ ಅವರು ನಿಂತಲ್ಲೇ ಕೂಗು ಹಾಕಬೇಕು. ನಾಲ್ಕು ಜನ ಕೂಡುವ ತನಕ ಕೂಗುತ್ತಲೇ ಇರಬೇಕು. ಆಮೇಲೆ ಜಾಗಕ್ಕೆ ಸೊಪ್ಪು ಮುಚ್ಚಿ ಹಿಂದೆ ಸರಿಯಬೇಕು. ಆ ಗಳಿಗೆಯಿಂದ ಆ ನೆಲ ದೊರೆಯದು. ಕೂಗದೆ ಮುಚ್ಚಿಟ್ಟವನ ಕುತ್ತಿಗೆಯೂ ದೊರೆಯದು. ಮುಸೆಕಿವ ಮುಚ್ಚಿಯೇ ಬಿಡುತ್ತಿದ್ದನೇನೋ. ಆದರೆ ನಾಡಿನ ಯಜಮಾನ ನೆಮಪಾರೆಯ ದನಗಾಹಿಯೊಬ್ಬ ದಿಬ್ಬದ ಮೇಲೆ ನಿಂತು ನೋಡುತ್ತಿದ್ದ. ಮುಸೆಕಿವ ಕೂಗಿದ. ಹಟ್ಟಿಗೆ ಹಟ್ಟಿಯೇ ಗುಂಡಿಯ ಕೆಲಸಕ್ಕೆ ಬಿತ್ತು. ಮುಸೆಕಿವನ ಹೆಗಲಿಗೆ ಆನೆದಂತ ಹೇರಿ ವ್ಯಾಪಾರಿಗಳ ಜೊತೆ ಕಡಲಿನ ಕಡೆಗೆ ಅಟ್ಟಿದರು. ಹಾಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮುಚನೇತ ಆಗ ತುಂಬಿದ ಬಸುರಿ. ಗುಂಡಿಯ ಕಡೆ ನಡೆಸಿಕೊಂಡು ಬರುವಾಗ ದಾರಿಯಲ್ಲೇ ಹೆತ್ತಳು. ಹೆಣ್ಣುಮಗುವಿಗೆ ಚೆಂಜಿರಾ ಎಂದು ಹೆಸರಿಟ್ಟಳು, ದಾರಿಯವಳು ಎಂದು.

ಬಂಗಾರದ ಕೆಲಸ ಒಣಗಾಲದ್ದು. ಸುಗ್ಗಿ ಮುಗಿದ ಮೇಲೆ ಇಳಿಯುವುದು, ಮೊದಲ ಮೋಡ ಕಂಡಾಗ ಮೇಲೆ ಬಂದು ಹೊಲಕ್ಕೆ ಹೋಗುವುದು. ಈ ಸಲ ಮೋಡ ಕಂಡರೂ ಬಿಡಲಿಲ್ಲ. ಕಡಲಿನ ಕಡೆಯ ವ್ಯಾಪಾರಿಗಳು ಬಂಗಾರಕ್ಕೆ ಬದಲು ಕೊಡಲು ನೀಲಿ ಬಟ್ಟೆ, ಕೆಂಪು ಮಣಿ ಹರಡಿಕೊಂಡು ಅತ್ತಿಮರದ ಕೆಳಗೆ ಕೂತಿದ್ದರು. ಆ ನೀಲಿ ಬಟ್ಟೆಯ ಮೇಲೆ ನೆಮಪಾರೆಯ ಕಣ್ಣು ಬಿದ್ದಿತ್ತು. ಬೇಗ, ಇನ್ನೂ ಬೇಗ ಎಂದು ಗುಂಗುವೊನ ಬೆನ್ನು ಹತ್ತಿದ್ದ. ಗುಂಗುವೊ ಹೆಂಗಸರ ಬೆನ್ನು ಹತ್ತಿದ್ದ.

ಅವತ್ತು ಮುಚನೇತ ಹಗ್ಗ ಹಿಡಿದು ಮೇಲೆ ಬಂದಾಗ ಸ್ವಾಕಾಯಿ ಒರಳುಗಲ್ಲಿನ ಪಕ್ಕ ಸುಮ್ಮನೆ ಕೂತಿದ್ದಳು. ಸ್ವಾಕಾಯಿ ಬೆನ್ನು ಬಾಗಿದ ಮುದುಕಿ. ಗುಂಡಿಗೆ ಇಳಿಯಲಾಗದೆ ಮೇಲೆಯೇ ಕಲ್ಲು ಕುಟ್ಟುತ್ತಿದ್ದಳು, ಇಳಿದವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಕುಟ್ಟುವ ಸದ್ದು ನಿಂತದ್ದನ್ನು ಕೇಳಿಯೇ ಮುಚನೇತಳಿಗೆ ಅರ್ಥವಾಯಿತು. ಕೆಲವು ದಿನಗಳಿಂದ ಚೆಂಜಿರಾಳಿಗೆ ಭೇದಿ. ಇವಳ ಎದೆಯಲ್ಲಿ ಹಾಲು ಬತ್ತಿತ್ತು.

ಹಸುಗೂಸು ಸತ್ತರೆ ಹೊಳೆದಂಡೆಯ ಹಸಿಮಣ್ಣಿಗೆ ಕೊಡಬೇಕು. ಒಣನೆಲಕ್ಕೆ ಹಾಕಿದರೆ ಮಳೆ ಮುನಿಯುತ್ತದೆ. ಇದು ಗುಂಗುವೊನಿಗೂ ಗೊತ್ತಿತ್ತು, ಅವನೂ ಅಲ್ಲಿಯವನೇ. ಮುಚನೇತ ಮಂಡಿಯೂರಿ, ದೊಡ್ಡವರನ್ನು ಬೇಡುವ ಪದ್ಧತಿಯಂತೆ ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿ ಕೇಳಿದಳು.

“ಅಣ್ಣಾ, ಒಳೆತಕೆ ಓಗಿ ಬತ್ತೀನಿ. ಒತ್ತು ಮುಳುಗದ್ರೊಳಗೆ ಬಂದ್ಬುಡ್ತೀನಿ.”

“ಇವತ್ತಿನ ಬುಟ್ಟಿ ನಿನ್ ಗಂಡ ಬಂದು ತುಂಬ್ತಾನಾ? ಅಲ್ಲೇ ಕಲ್ಲುಗುಡ್ಡೆಲಿ ಮುಚ್ಚು. ಸತ್ತಿದ್ಕೆ ಅಸಿಮಣ್ಣೇನು, ಒಣಮಣ್ಣೇನು.”

ಅವಳು ಗುಂಡಿಯಿಂದ ಎತ್ತಿ ಹಾಕಿದ ಕಲ್ಲುಪುಡಿಯ ಗುಡ್ಡೆಯನ್ನು ಕೈಯಲ್ಲೇ ಕೆದಕಿದಳು. ಎಷ್ಟು ಕೆದಕಿದರೂ ಪುಡಿ ಜಾರಿ ಬಂದು ಹಳ್ಳವನ್ನು ಮುಚ್ಚುತ್ತಿತ್ತು. ಸ್ವಾಕಾಯಿ ತಾನು ಉಟ್ಟ ತೊಗಲಿನ ಮಡಿಕೆಯಲ್ಲಿದ್ದ ಚಿಟಿಕೆ ರಾಗಿಹಿಟ್ಟನ್ನು ಕೂಸಿನ ಬಾಯಿಗೆ ಸವರಿದಳು. ಹೂತು ಮುಗಿಯುವಷ್ಟರಲ್ಲಿ ಕೆಳಗೆ ಇಳಿಸುವ ಹಗ್ಗ ಅಲ್ಲಾಡುತ್ತಿತ್ತು.

ಮೋಡಗಳು ಬಂದವು, ಹೋದವು. ಮಳೆ ಬೀಳಲಿಲ್ಲ. ತನ್ನ ಹಿರೀ ಹೊಲ ಬಿರುಕು ಬಿಟ್ಟದ್ದು ನೋಡಿ ನೆಮಪಾರೆಗೆ ಕಳವಳವಾಗಿ, ಸತ್ತ ಹಿರಿಯರು ಮೈಮೇಲೆ ಬರುವ ಮುದುಕನನ್ನು ಕರೆಸಿದ. ಅತ್ತಿಮರದ ಕೆಳಗೆ ಎಲ್ಲರನ್ನೂ ಕೂಡಿಸಿದರು. ಡೋಲು ಬಡಿಯಿತು. ಕಪ್ಪು ಬಟ್ಟೆ ಹೊದ್ದ ಮುದುಕ ಕಣ್ಣು ಮೇಲೆ ಮಾಡಿ, ಸಿಂಹದ ಹಾಗೆ ಗುರುಗುಟ್ಟಿ, ನೆಲದ ಹೊಟ್ಟೆ ಸುಡುತ್ತಿದೆ ಎಂದ. ಯಾರೋ ಹಸುಗೂಸನ್ನು ಒಣಮಣ್ಣಿಗೆ ಹಾಕಿದ್ದಾರೆ ಎಂದ. ಗುಂಗುವೊ ಆಕಾಶ ನೋಡುತ್ತಾ ನಿಂತಿದ್ದ.

ಮುಚನೇತ ಎದ್ದು ನಿಂತಳು.

“ನಾನೇ ಆಕಿದ್ದು. ನಂಗೆ ಒಳೆಗೆ ಓಗಕ್ಕೆ ಬುಡ್ನಿಲ್ಲ. ಬುಡ್ದೇ ಇದ್ದೋನು ಇಲ್ಲೇ ನಿಂತವನೆ, ಕೇಳಿ.”

ಯಾರೂ ಗುಂಗುವೊನನ್ನು ಕೇಳಲಿಲ್ಲ. ನೆಮಪಾರೆ ಸೋರೆಬುರುಡೆಯಲ್ಲಿದ್ದ ರಾಗಿಹೆಂಡವನ್ನು ಒಂದು ಗುಟುಕು ಹೀರಿ, ಬಾಯಿ ಒರೆಸಿಕೊಂಡ.

“ಕೂಸು ಎತ್ತೋಳು ನೀನು, ಊತೋಳು ನೀನು. ನನ್ನ ಆಳಿನ ಮ್ಯಾಕೆ ಯಾಕೆ ಎತ್ತಾಕ್ತೀಯ, ಮುಂಡೆ?”

ಕರಿಯ ಆಡು ತಪ್ಪುದಂಡ ಎಂದು ತೀರ್ಮಾನವಾಯಿತು. ಆಡು ಅವಳ ಬಳಿ ಎಲ್ಲಿಯದು? ಹಾಗಾದರೆ ಹೊಳೆದಂಡೆಯ ಅವಳ ನೆಲ ಯಜಮಾನನಿಗೆ. ಅವಳು ಗಂಡ ಬರುವ ತನಕ ಯಜಮಾನನ ಮನೆಯ ಆಳು. ಗಂಡ ಬರುವ ತನಕ ಎಂದಾಗ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೊನೆಯದಾಗಿ, ಕೂಸನ್ನು ಅವಳೇ ಎಲ್ಲರೆದುರು ತೆಗೆದು ಹೊಳೆಗೆ ಒಯ್ಯಬೇಕು.

ಅವಳು ಕೆದಕಿದಳು. ಆ ಬಿಸಿಲಿಗೆ, ಅಷ್ಟು ದಿನದ ಮೇಲೆ, ಕೈಗೆ ಸಿಕ್ಕಿದ್ದನ್ನು ಕೂಸು ಎನ್ನುವ ಹಾಗಿರಲಿಲ್ಲ. ವ್ಯಾಪಾರಿಯೊಬ್ಬ ನೀಲಿ ಬಟ್ಟೆಯ ತುದಿಯನ್ನು ಮೂಗಿಗೆ ಒತ್ತಿಕೊಂಡು ಆಚೆ ತಿರುಗಿದ. ಮುಚನೇತ ಉಟ್ಟಿದ್ದ ತೊಗಲನ್ನೇ ಬಿಚ್ಚಿ ಅದರಲ್ಲಿ ಸುತ್ತಿ, ಬರಿಮೈಯಲ್ಲಿ ಗುಂಪಿನ ನಡುವೆ ಹಾದುಹೋದಳು. ದಾರಿ ಬಿಡಲೆಂದು ಜನ ಹಿಂದೆ ಸರಿದರು. ಗುಂಗುವೊ ಅವಳ ಹಿಂದೆಯೇ ಹೋಗಿ, ಬೇಗ ಬೇಗ ಎಂದು ಅವಸರ ಮಾಡಿದ.

ಮಳೆ ಬಂತು. ಕಾಲ ಆಗಿತ್ತು, ಬಂತು. ಮೈಮೇಲೆ ಬರುವ ಮುದುಕನಿಗೆ ನೆಮಪಾರೆ ಒಂದು ಹೋರಿಗರು ಕೊಟ್ಟ.

ಈಗಲಾದರೂ ತಮ್ಮ ತಮ್ಮ ನೆಲಕ್ಕೆ ಬಿಡುತ್ತಾರೆಂದು ಹೆಂಗಸರು ಕಾದರು. ಬಿಡಲಿಲ್ಲ. ಬೆಳಿಗ್ಗೆ ಯಜಮಾನನ ಹಿರೀ ಹೊಲಕ್ಕೆ ಬಿತ್ತನೆ, ಹೊತ್ತು ಏರಿದ ಮೇಲೆ ಗುಂಡಿ. ಗುಂಡಿಯಲ್ಲಿ ಮಂಡಿಮಟ್ಟ ನೀರು ನಿಂತಿರುತ್ತಿತ್ತು. ಅದನ್ನು ಸೋರೆಬುರುಡೆಯಲ್ಲಿ ಮೊಗೆದು ಮೇಲೆ ಕಳಿಸಿ ಆಮೇಲೆ ಕಲ್ಲು ಒಡೆಯಬೇಕು. ಗೋಡೆ ಜಾರಿ ಬಿದ್ದು ಇಬ್ಬರು ಹೂತುಹೋದರು. ಅವರನ್ನು ತೆಗೆಯಲಿಲ್ಲ, ಪಕ್ಕದಲ್ಲೇ ಹೊಸ ಗುಂಡಿಗೆ ಬಾಯಿ ತೆಗೆಸಿದರು. ನಮ್ಮ ನೆಲ ಬಿತ್ತದಿದ್ದರೆ ಮುಂದಿನ ವರ್ಷ ಏನು ತಿನ್ನುವುದು ಎಂದು ಸ್ವಾಕಾಯಿ ಒಂದು ಸಲ ಗುಂಗುವೊನನ್ನು ಕೇಳಿಯೇಬಿಟ್ಟಳು.

“ಬಂಗಾರ ತಿನ್ನಿ. ಬೇಕಾದಷ್ಟು ಬಿದ್ದದೆ.”

ಹೆಂಗಸರು ತಲೆ ತಗ್ಗಿಸಿದರು. ಮುಚನೇತ ತಗ್ಗಿಸಲಿಲ್ಲ, ಅವನ ಬಾಯನ್ನೇ ನೋಡಿದಳು.

ಅವತ್ತಿನಿಂದ ಅವಳು ಗುಂಡಿಯಿಂದ ಬರಿಗೈಯಲ್ಲಿ ಬರಲಿಲ್ಲ. ಹತ್ತಿ ಬಂದವರ ಕೂದಲು ಕೆದರಿ ನೋಡುತ್ತಿದ್ದರು, ಉಟ್ಟ ತೊಗಲು ಕೊಡವಿಸುತ್ತಿದ್ದರು, ಹೇಳಬಾರದ ಕಡೆಯೆಲ್ಲ ಕೈಹಾಕುತ್ತಿದ್ದರು. ಅವಳ ಬಾಯಿಯ ಹತ್ತಿರ ಮಾತ್ರ ಯಾರೂ ಬರುತ್ತಿರಲಿಲ್ಲ. ಕೆಮ್ಮಿದರೆ ಕಪ್ಪು ರಕ್ತ ಬೀಳುತ್ತಿತ್ತು, ಅದಕ್ಕೆ ಹೇಸಿ ಮುಖ ತಿರುಗಿಸುತ್ತಿದ್ದರು. ಹಳದಿ ಎಳೆಯಿದ್ದ ಬಿಳಿಕಲ್ಲಿನ ಚೂರು, ಹುಣಸೆಬೀಜದಷ್ಟು, ನಾಲಿಗೆಯ ಕೆಳಗೆ ಇರುತ್ತಿತ್ತು. ಮಾರನೆಯ ಬೆಳಿಗ್ಗೆ ನೆಮಪಾರೆಯ ಹೊಲದ ನಡುವಿನ ದೊಡ್ಡ ಹುತ್ತದ ಬುಡದಲ್ಲಿ, ಬಿತ್ತುವ ನೆಪದಲ್ಲಿ, ಮೊಣಕೈ ಮುಳುಗುವಷ್ಟು ಆಳಕ್ಕೆ ಅದನ್ನು ಒತ್ತುತ್ತಿದ್ದಳು. ಆ ಹುತ್ತದಾಚೆಗೇ ನೆಮಪಾರೆಯ ದೊಡ್ಡಿ, ಕಣಜಗಳು, ಅವನಪ್ಪನ ಗೋರಿ.

ಒಂದು ದಿನ ಸ್ವಾಕಾಯಿ ಪಕ್ಕದ ಸಾಲಿನಿಂದ ನೋಡಿದಳು.

“ಏನೇ ಅದು ಬಿತ್ತಿದ್ದು?”

“ರಾಗಿ ಕಣತ್ತೆ.”

ಮುದುಕಿ ಅವಳನ್ನೂ ಹುತ್ತವನ್ನೂ ನೋಡಿದಳು. ಕಳ್ಳತನಕ್ಕೆ ಕೈ ಕಡಿಯುತ್ತಾರೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹತ್ತಿರ ಬಂದು, ಕೆದಕಿದ ಮಣ್ಣನ್ನು ಹಿಮ್ಮಡಿಯಿಂದ ಚೆನ್ನಾಗಿ ತುಳಿದು ತನ್ನ ಸಾಲಿಗೆ ಹೋದಳು.

ಪೈರು ಗೇಣುದ್ದವಾದಾಗ ದೊರೆಯ ಪಾಲು ಒಯ್ಯಲು ದೊರೆಯ ದೂತ ಬಂದ, ಹಿಂದೆ ಭರ್ಜಿ ಹಿಡಿದವರು. ಹಕ್ಕಿಗರಿಯ ಟೊಳ್ಳು ದಂಟುಗಳಲ್ಲಿ ತುಂಬಿಟ್ಟ ಬಂಗಾರದ ಪುಡಿಯನ್ನು ನೆಮಪಾರೆ ಅವನ ಮುಂದೆ ಇಡುತ್ತಿದ್ದ. ವ್ಯಾಪಾರಿಗಳೂ ಮೈಮೇಲೆ ಬರುವ ಮುದುಕನೂ ಅತ್ತಿತ್ತ ಕೂತಿದ್ದರು. ಹೆಂಡ ಸುತ್ತು ಬರುತ್ತಿತ್ತು. ಹೆಂಗಸರು ಹಿರೀ ಹೊಲದಲ್ಲಿ ಕಳೆ ಕೀಳುತ್ತಿದ್ದರು.

ಮುಚನೇತ ಹುತ್ತದ ಬುಡದಲ್ಲಿ ನಿಂತು ಬಂಗಾರದ ಕೂಗು ಹಾಕಿದಳು.

ಹೊಗೆ ತಿಂದ ಗಂಟಲು. ಕೂಗು ಅರ್ಧಕ್ಕೇ ಒಡೆಯಿತು. ಬಗ್ಗಿ ಕೆಮ್ಮಿ, ಉಗಿದು, ಮತ್ತೆ ಎತ್ತಿದಳು. ಗುಂಗುವೊ ಕೋಲು ಹಿಡಿದು ಓಡಿ ಬಂದ. ಅಷ್ಟರಲ್ಲಿ ಸ್ವಾಕಾಯಿ ಕೂಗಿದಳು. ಆಮೇಲೆ ಪಕ್ಕದ ಸಾಲಿನವಳು, ಅದರಾಚೆಯವಳು. ಅಷ್ಟೂ ಸಾಲುಗಳಿಂದ ಕೂಗು ಎದ್ದಾಗ ಗುಂಗುವೊನ ಕೋಲು ಎತ್ತಿದಲ್ಲೇ ನಿಂತಿತು. ದೊರೆಯ ಕಟ್ಟಳೆಯಲ್ಲಿ ಆ ಕೂಗು ಹಾಕಿದವರನ್ನು ಹೊಡೆಯುವ ಹಾಗಿಲ್ಲ.

ದೂತ ಎದ್ದು ಬಂದ. ನೆಮಪಾರೆ ಅವನ ಹಿಂದೆ ಏದುಸಿರು ಬಿಡುತ್ತಾ ಬಂದ. ಮಣ್ಣು ಕೆದಕಿಸಿದರು. ಒಂದು ಚೂರು, ಮತ್ತೊಂದು, ಮತ್ತೂ ಒಂದು. ದೂತ ಅಲ್ಲೇ ಕಲ್ಲಿನ ಮೇಲೆ ಕುಟ್ಟಿಸಿ ಬುರುಡೆಯ ನೀರಲ್ಲಿ ತೊಳೆಸಿದ. ತಳದಲ್ಲಿ ಹಳದಿ ನಿಂತಿತು.

“ಇವೆಲ್ಲ ಈ ಬೋಸುಡಿ ತಂದು ಊತಿರೋವು,” ಎಂದ ನೆಮಪಾರೆ. “ನನ್ನ ಒಲದಲ್ಲಿ ಬಂಗಾರ ಇಲ್ಲ ಸ್ವಾಮಿ. ನಮ್ಮಪ್ಪನ ಕಾಲದಿಂದ ಗೊತ್ತು.”

ದೂತ ಬುರುಡೆಯಿಂದ ಕಣ್ಣೆತ್ತಲಿಲ್ಲ.

“ಇಲ್ಲ ಅಂತ ಇಷ್ಟು ಗಟ್ಟಿಯಾಗಿ ಏಳ್ತೀಯಲ್ಲ, ಕದ್ದು ಅಗುದು ನೋಡಿದ್ಯಾ? ಇಲ್ಲಾ, ದೊರೆ ಗುಂಡಿಯಿಂದ ಇಷ್ಟು ಕಲ್ಲು ಕಳುವಾಗೋಗಂಟ ನಿದ್ದೆ ಮಾಡ್ತಿದ್ಯಾ? ಎರಡ್ರಲ್ಲಿ ಯಾವ್ದು ಅಂತ ಏಳ್ಲಿ ದೊರೆಗೆ?”

ನೆಮಪಾರೆ ತಿರುಗಿ ಮೈಮೇಲೆ ಬರುವ ಮುದುಕನನ್ನು ನೋಡಿದ. ಅಪ್ಪನ ಗೋರಿ ಪಕ್ಕದಲ್ಲೇ ಇದೆ, ಇಲ್ಲಿ ಅಗೆಯಬಹುದೇ, ಹಿರಿಯರು ಏನನ್ನುತ್ತಾರೆ ಎಂದು ಕೇಳಿದ. ಮುದುಕ ಭರ್ಜಿಗಳ ಕಡೆ ನೋಡಿ, ಹಿರಿಯರು ಈವತ್ತು ಬಂದಿಲ್ಲ ಎಂದ.

ಹೊಲದ ನಾಲ್ಕು ಮೂಲೆಗೂ ಸೊಪ್ಪು ಬಿತ್ತು. ದೊಡ್ಡಿಯ ದನಗಳನ್ನು ಹೊರಗೆ ಅಟ್ಟಿದರು. ಕಣಜಗಳನ್ನು ಕೀಳಬೇಕು, ಹಟ್ಟಿ ಹಿಂದಕ್ಕೆ ಸರಿಯಬೇಕು, ಯಜಮಾನನ ಮನೆಯವರೂ ಅಗೆತಕ್ಕೆ ಬರಬೇಕು ಎಂದು ದೂತ ಒಂದೊಂದಾಗಿ ಅಪ್ಪಣೆ ಮಾಡುತ್ತಾ ಹೋದ. ನೆಮಪಾರೆಯ ಹೆಂಡತಿಯರು ಬಾಗಿಲುಗಳಲ್ಲಿ ನಿಂತಿದ್ದರು. ಅವರಲ್ಲಿ ಕಿರಿಯವಳು ಸಣಕಲು. ಗುಂಗುವೊನ ಕಣ್ಣು ಅಭ್ಯಾಸಬಲದಿಂದ ಅವಳ ಸೊಂಟದ ಮೇಲೆ ಹೋದದ್ದನ್ನು ಮುಚನೇತ ನೋಡಿದಳು. ನೋಡಿ ಅವಳಿಗೆ ಖುಷಿಯಾಗಲಿಲ್ಲ.

ಮೊದಲು ಇಳಿಯುವವರು ಯಾರು ಎಂದು ದೂತ ಕೇಳಿದ. ಗುಂಗುವೊ ಮುಚನೇತಳ ಕತ್ತು ಹಿಡಿದು ಮುಂದೆ ನೂಕಿದ. ಬಂಗಾರ ತೋರಿಸಿದವಳು ನೀನು, ಎಳೆ ಸಿಗುವ ತನಕ ಅಗೆಯುವವಳೂ ನೀನೇ ಎಂದ ದೂತ. ಸುಗ್ಗಿಯೊಳಗೆ ಸಿಗದಿದ್ದರೆ ಏನಾಗುತ್ತದೆಂದು ತನ್ನ ಕುತ್ತಿಗೆಯ ಮೇಲೆ ಬೆರಳಾಡಿಸಿ ತೋರಿಸಿದ.

ಅವಳ ಕೈಗೆ ಗುದ್ದಲಿ ಬಂತು. ದೂತ ಹೆಂಡದ ಕಡೆ ಹೋದ ಮೇಲೆ ನೆಮಪಾರೆ ಹತ್ತಿರ ಬಂದು ಹಲ್ಲುಕಚ್ಚಿ ಹೇಳಿದ.

“ಇಲ್ಲಿ ಏನೂ ಇಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಿನ್ ಚರ್ಮ ಸುಲೀತಾರೆ ಕಣೇ.”

ಮುಚನೇತ ಮಂಡಿಯೂರಲಿಲ್ಲ, ಚಪ್ಪಾಳೆ ತಟ್ಟಲಿಲ್ಲ.

“ಸಿಗೋಗಂಟ ಅಗೀತೀನಿ,” ಎಂದಳು.

ಗುದ್ದಲಿ ಎತ್ತಿ ಪೈರಿನ ಮೇಲೆ ಇಳಿಸಿದಳು. ಗೇಣುದ್ದದ ರಾಗಿಪೈರು ಬೇರುಸಮೇತ ಎದ್ದು ಮಗುಚಿ ಬಿತ್ತು. ಎರಡನೆಯ ಏಟಿಗೆ ಸ್ವಾಕಾಯಿ ಬುಟ್ಟಿ ತಂದು ಪಕ್ಕದಲ್ಲಿಟ್ಟಳು. ಮಳೆ ಹಿಡಿಯಿತು. ಬರೀ ಕೆಂಪುಮಣ್ಣು ಮೇಲೆ ಬರುತ್ತಿತ್ತು. ಕೆಮ್ಮು ಬಂದಾಗ ಗುದ್ದಲಿ ಊರಿಕೊಂಡು ನಿಂತು, ಕೆಮ್ಮು ಬಿಟ್ಟಾಗ ಮತ್ತೆ ಅಗೆದಳು. ನೀರು ಅವಳ ಮಂಡಿಯವರೆಗೆ ಬಂತು. ಸುತ್ತಲೂ ಹೆಂಗಸರು, ಯಾರೂ ಹೇಳದೆಯೇ, ನೆಮಪಾರೆಯ ಅಪ್ಪನ ಗೋರಿಯ ಕಡೆಯ ಪೈರನ್ನು ಕೀಳತೊಡಗಿದ್ದರು.