ಹದಿನಾರು ದಿನದ ಬಿಸಿಲು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ಆ ಊರಿನಲ್ಲಿ ನಡೆಯುವುದಿಲ್ಲ. ಅಲ್ಲಿ ಅಲ್ಪನೂ ಐಶ್ವರ್ಯವಂತನೂ ಹಗಲು ರಾತ್ರಿ ಕೊಡೆ ಹಿಡಿದೇ ಓಡಾಡಬೇಕು. ವರ್ಷದಲ್ಲಿ ಒಂಬತ್ತು ತಿಂಗಳು ಮೋಡ ಚಾವಣಿಗಳ ಮೇಲೆಯೇ ಕೂತಿರುತ್ತದೆ. ಮಳೆಯಾದರೂ ಒಮ್ಮೆ ಧೋ ಎಂದು ಸುರಿದು ಮುಗಿಸುವ ಜಾತಿಯದಲ್ಲ. ಹೊರಟೆ ಹೊರಟೆ ಎನ್ನುತ್ತಲೇ ಬಾಗಿಲಲ್ಲಿ ನಿಂತು ಮಾತಾಡುವ ನೆಂಟನಂಥದ್ದು. ಬೆಳಿಗ್ಗೆ ಹತ್ತಕ್ಕೂ ದೀಪ ಬೇಕು, ಮಧ್ಯಾಹ್ನ ಮೂರಕ್ಕೂ ದೀಪ ಬೇಕು. ಒಗೆದ ಬಟ್ಟೆ ಮೂರು ದಿನ ನೇತಾಡಿ, ಕೊನೆಗೆ ಒಣಗದೆಯೇ ಮೈಮೇಲೆ ಬರುತ್ತದೆ.

ಅಂಥ ಊರಿನಲ್ಲಿ ರೈನ್‌ಕೋಟು ರಿಪೇರಿ ಮಾಡುವವಳಿಗೆ ಕೆಲಸಕ್ಕೆ ಬರವಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿತ್ತ ಗುಂಡಿ, ಕೆಟ್ಟ ಜಿಪ್ಪು, ಹರಿದ ಟೋಪಿ, ಎಲ್ಲವೂ ಅವಳ ಕೈಗೆ ಬರುತ್ತಿದ್ದವು. ಬೀದಿಯವರಿಗೆಲ್ಲ ಅವಳು ಗುಂಡಿಯಕ್ಕ. ರೈನ್‌ಕೋಟು ಹೊಲಿಯುವುದು ದೊಡ್ಡ ವಿದ್ಯೆಯಲ್ಲ, ಸೂಜಿ ಚುಚ್ಚಿದ ತೂತು ಮುಚ್ಚುವುದು ವಿದ್ಯೆ ಎಂದು ಅವಳು ಹೇಳುತ್ತಿದ್ದಳು. ಹೊಲಿಗೆಯ ಉದ್ದಕ್ಕೂ ಒಳಗಿನಿಂದ ಪಟ್ಟಿ ಇಟ್ಟು, ಸುಡದಂತೆ, ಆದರೆ ಅಂಟುವಂತೆ ಇಸ್ತ್ರಿ ಒತ್ತಬೇಕು. ಒಂದು ಕಡೆ ಬಿಟ್ಟರೂ ನೀರು ಅಲ್ಲೇ ದಾರಿ ಹುಡುಕುತ್ತದೆ.

ಮೇಲಿನ ಕೋಣೆಯಲ್ಲಿ ಅವಳ ಅಣ್ಣ. ಅವಳಿಗಿಂತ ಎಂಟು ವರ್ಷ ದೊಡ್ಡವನು, ಸಿಟಿ ಬಸ್ಸಿನ ಡ್ರೈವರ್. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಒಂದೇ ಒಂದು ಸಲ ತಡವಾಗಿ ಬಂದವನು ಎಂದು ಡಿಪೋದಲ್ಲಿ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಆ ಒಂದು ಸಲ ತಂಗಿಗಾಗಿ. ಅವಳ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ವಾರದಲ್ಲಿ ಅಣ್ಣ ಬಸ್ಸನ್ನು ಮಾರ್ಗ ಬಿಟ್ಟು ತಿರುಗಿಸಿ, ಅವಳ ಬಾಡಿಗೆ ಮನೆಯ ಮುಂದೆ ನಿಲ್ಲಿಸಿ, ಅವಳನ್ನೂ ಹೊಲಿಗೆ ಮೆಷೀನನ್ನೂ ಹತ್ತಿಸಿಕೊಂಡು ಬಂದಿದ್ದ. ಒಳಗಿದ್ದ ಪ್ರಯಾಣಿಕರು ಗೊಣಗಿದರೂ ಮೆಷೀನಿಗೆ ಕೈ ಕೊಟ್ಟರು. ಆಗ ಅವಳಿಗೆ ಇಪ್ಪತ್ತಾರು. ಅಣ್ಣ ಮದುವೆಯಾಗಲಿಲ್ಲ. ಕೇಳಿದವರಿಗೆ, ಮನೆಯಲ್ಲಿ ಜಗಳವಾಡೋಕೆ ತಂಗಿ ಇದ್ದಾಳಲ್ಲ, ಇನ್ನೊಬ್ಬರು ಯಾಕೆ ಎನ್ನುತ್ತಿದ್ದ.

ಅಣ್ಣನಿಗೆ ಐವತ್ತೈದು ದಾಟಿದ ಮೇಲೆ ಏನೋ ಕಳಚಿಕೊಳ್ಳತೊಡಗಿತು. ಮೊದಲು ಶಿಳ್ಳೆ ನಿಂತಿತು. ಆಮೇಲೆ ಊಟದ ಹೊತ್ತಿನ ಹರಟೆ. ರಜೆಯ ದಿನ ಮೇಲಿನ ಕೋಣೆಯಿಂದ ಇಳಿಯುವುದೇ ಇಲ್ಲ. ಕೇಳಿದರೆ, ಸುಸ್ತು ಅಷ್ಟೆ. ಅವಳೂ ವಯಸ್ಸು ಎಂದುಕೊಂಡಳು. ನವೆಂಬರಿನ ಒಂದು ಬೆಳಿಗ್ಗೆ ಎಂಟೂವರೆಗೆ, ದೊಡ್ಡಾಸ್ಪತ್ರೆಯ ಸ್ಟಾಪಿನಲ್ಲಿ ಜನ ಹತ್ತಿದರು, ಬಾಗಿಲು ಮುಚ್ಚಿತು, ಬಸ್ಸು ಮಾತ್ರ ಹೊರಡಲಿಲ್ಲ. ವೈಪರ್ ಆಡುತ್ತಿತ್ತು, ಅವನು ಅದನ್ನೇ ನೋಡುತ್ತ ಕೂತಿದ್ದ. ಹಿಂದೆ ಹಾರನ್ನುಗಳು ಶುರುವಾದವು. ಮುಂದಿನ ಸೀಟಿನ ಅಜ್ಜಿಯೊಬ್ಬರು ಎದ್ದು ಬಂದು, ಯಾಕಪ್ಪ, ಹೊರಡಲ್ವಾ ಎಂದು ಕೇಳಿದರಂತೆ. ಅವನು ತಿರುಗಿ ಬಹಳ ಮರ್ಯಾದೆಯಿಂದ, "ಎಲ್ಲಿಗೆ ತಾಯಿ?" ಎಂದನಂತೆ.

ಡಿಪೋದವರು ಅವನನ್ನು ಜೀಪಿನಲ್ಲಿ ಮನೆಗೆ ತಂದು ಬಿಟ್ಟಾಗ ಅವಳ ಕೈಯಲ್ಲಿ ಇಸ್ತ್ರಿ ಇತ್ತು. ಯಾರದೋ ಕೋಟಿನ ತೋಳು ಸುಟ್ಟಿತು.

ಡಾಕ್ಟರಮ್ಮ ಒಳ್ಳೆಯವರು. ಮಾತ್ರೆ ಬರೆದರು, ನಿದ್ದೆಯ ಬಗ್ಗೆ ವಿಚಾರಿಸಿದರು, ಇಂಥ ಹವೆಯಲ್ಲಿ ಇಂಥ ಕಾಯಿಲೆ ಹೊಸದಲ್ಲ ಎಂದರು. ಕೊನೆಗೆ, ಸಾಧ್ಯವಾದರೆ ಒಂದಿಷ್ಟು ದಿನ ಬಿಸಿಲಿರುವ ಕಡೆ ಕರೆದುಕೊಂಡು ಹೋಗಿ ಎಂದರು. ಅಣ್ಣ ಬಹಳ ದಿನಗಳ ಮೇಲೆ ಒಂದು ತಮಾಷೆಯ ಮಾತಾಡಿದ: "ಅದನ್ನೂ ಚೀಟೀಲಿ ಬರ್ಕೊಡಿ ಡಾಕ್ಟ್ರೇ, ಯಾವ ಅಂಗಡೀಲಿ ಸಿಗುತ್ತೋ ನೋಡೋಣ."

ಅವಳು ಜನ್ಮದಲ್ಲಿ ಮೊದಲ ಬಾರಿಗೆ ಅಂಗಡಿಗೆ ಬೀಗ ಹಾಕಿದಳು. ರೈಲಿನಲ್ಲಿ ಒಂದೂವರೆ ದಿನದ ದಾರಿ. ಎರಡನೆಯ ಬೆಳಿಗ್ಗೆ ಎಚ್ಚರವಾದಾಗ ಬೋಗಿಯ ಗೋಡೆ, ಸೀಟು, ಎದುರಿಗೆ ಮಲಗಿದ್ದ ಅಣ್ಣನ ಕೂದಲು, ಎಲ್ಲಕ್ಕೂ ಹಳದಿ ಬಳಿದಂತಿತ್ತು. ಅಣ್ಣನ ತಲೆ ಇಷ್ಟೊಂದು ನರೆತಿದೆ ಎಂದು ಆ ಬೆಳಕಿನಲ್ಲೇ ಅವಳಿಗೆ ಕಂಡದ್ದು.

ಬಂದರಿನ ಪಕ್ಕದ ಬೀದಿಯಲ್ಲಿ ಒಂದು ಮನೆಯ ಮಹಡಿ ಕೋಣೆ ಸಿಕ್ಕಿತು. ಹೊರಗಿನಿಂದಲೇ ಮೆಟ್ಟಿಲು, ಸುಣ್ಣ ಬಳಿದ ಗೋಡೆ, ಸಮುದ್ರದ ಕಡೆಗೊಂದು ಕಿಟಕಿ. ಕೆಳಗಿದ್ದ ಮನೆಯೊಡತಿ ಮಾತಿನ ಮಲ್ಲಿ. ಪ್ರಶ್ನೆಯನ್ನೂ ಅವಳೇ ಕೇಳಿ ಉತ್ತರವನ್ನೂ ಅವಳೇ ಕೊಟ್ಟುಕೊಂಡು ಹೋಗುವವಳು. ಮೂರು ದಿನ ಅಣ್ಣ ಕಿಟಕಿಯ ಬಿಸಿಲು ಮೈಮೇಲೆ ಬೀಳುವಂತೆ ಮಂಚ ಎಳೆದುಕೊಂಡು ಸುಮ್ಮನೆ ನಿದ್ದೆ ಮಾಡಿದ. ನಾಲ್ಕನೆಯ ಬೆಳಿಗ್ಗೆ ಅವಳಿಗೆ ಕೆಳಗಿನಿಂದ ಶಿಳ್ಳೆ ಕೇಳಿಸಿತು. ಇಣುಕಿದರೆ, ಅಣ್ಣ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮನೆಯೊಡತಿಯ ನೀರಿನ ಪಂಪು ಬಿಚ್ಚಿ ಹರವಿದ್ದಾನೆ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ಪಂಪು ಮುಗಿಯಿತು, ಗೇಟಿನ ಕೀಲು ಮುಗಿಯಿತು. ಬೆಳಿಗ್ಗೆ ಈಜು, ಸಂಜೆ ಈಜು. ಮೂಗಿನ ಚರ್ಮ ಸುಲಿಯಿತು, ಭುಜ ಕೆಂಪಾಯಿತು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಊಟ ಮಾಡುವಾಗ, ಅಪ್ಪನ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋಗಿದ್ದ ಕಥೆಯನ್ನು ಅವನು ಮತ್ತೆ ಹೇಳಿದ. ಅವಳು ನೂರನೆಯ ಸಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ಟೇಷನ್ನಿಗೂ ಬಂದರಿಗೂ ಮಿನಿಬಸ್ಸು ಓಡಿಸುವ ಯಜಮಾನನೊಬ್ಬ ಅವನಿಗೆ ಗಂಟು ಬಿದ್ದ. ಒಂದು ದಿನ ಅವನ ಡ್ರೈವರ್ ಬರಲಿಲ್ಲ, ಅಣ್ಣ ಸ್ಟೀರಿಂಗ್ ಹಿಡಿದ. ಸಂಜೆ ಅಂಗಿ ಮೈಗೆ ಅಂಟಿಸಿಕೊಂಡು ಮೆಟ್ಟಿಲು ಹತ್ತಿ ಬಂದವನೇ, ಬಹುಮಾನ ಗೆದ್ದ ಹುಡುಗನ ಹಾಗೆ ಎರಡೂ ಕೈ ಅಗಲಿಸಿ ನಿಂತ. "ನೋಡೇ, ಬೆವರು," ಎಂದ.

ಹದಿನಾರನೆಯ ದಿನದ ಸಂಜೆ ಅವಳು ಪೆಟ್ಟಿಗೆ ಕಟ್ಟುತ್ತಿದ್ದಳು. ಅಣ್ಣ ಬಾಗಿಲಿಗೆ ಒರಗಿ ನಿಂತು, ಮಿನಿಬಸ್ಸಿನ ಯಜಮಾನ ಕಾಯಂ ಕೆಲಸಕ್ಕೆ ಕರೆದಿದ್ದಾನೆ ಎಂದು ಹೇಳಿದ. ಮನೆಯೊಡತಿಯೂ ಕೋಣೆ ಕೊಡಲು ಒಪ್ಪಿದ್ದಾಳಂತೆ.

"ನಾನು ಇಲ್ಲೇ ಉಳಿದುಬಿಡ್ತೀನಿ. ನೀನು ಹೋಗಿ ಅಂಗಡಿ ಕೆಲಸ ಎಲ್ಲ ಮುಗಿಸ್ಕೊಂಡು ನಿಧಾನಕ್ಕೆ ಬಾ."

ಅವಳು ಮಡಿಸುತ್ತಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದಳು. ಕಣ್ಣ ಮುಂದೆ ಬಂದದ್ದು ಊರಿನ ಆ ಮನೆ. ಮೇಲೆ ಹೆಜ್ಜೆ ಸಪ್ಪಳವಿಲ್ಲ, ಬಾಗಿಲಲ್ಲಿ ಒದ್ದೆ ಬೂಟಿಲ್ಲ, ಮಧ್ಯಾಹ್ನ ಮೂರಕ್ಕೆ ಅವಳೊಬ್ಬಳೇ ಎದ್ದು ದೀಪ ಹಾಕುತ್ತಾಳೆ. ನಿಧಾನಕ್ಕೆ ಬಾ ಎಂದರೆ ಒಂದು ವರ್ಷವೋ ಎರಡು ವರ್ಷವೋ. ಅವಳ ಅಂಗಡಿಯ ವಿದ್ಯೆ ಈ ಊರಿನಲ್ಲಿ ಯಾರಿಗೆ ಬೇಕು? ಗಂಡ ಬಿಟ್ಟುಹೋದ ಆ ಒಂದು ವಾರ ಖಾಲಿ ಮನೆಯಲ್ಲಿ ಅವಳು ಹೇಗೆ ಕಳೆದಿದ್ದಳೆಂದು ಅವಳಿಗೇ ಗೊತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಸರ್ವಿಸ್ ಇನ್ನೆರಡೇ ವರ್ಷ ಇರೋದು. ಈಗ ಬಿಟ್ರೆ ಪಿಂಚಣಿ ಹೋಗುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ. ಮುಗಿಸಿ ಇಬ್ರೂ ಒಟ್ಟಿಗೇ ಬರೋಣ. ಎರಡು ವರ್ಷ ಏನು ಮಹಾ."

"ನಿನಗೆ ಹಾಗನ್ಸುತ್ತಾ?"

"ಹೂಂ."

ಅವನು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ, ಸರಿ ಹಾಗಾದ್ರೆ ಎಂದು ತನ್ನ ಅಂಗಿಗಳನ್ನು ತಂದು ಅವಳ ಮುಂದಿಟ್ಟ.

ರೈಲು ಊರು ಸೇರಿದಾಗ ಮಳೆ ಬರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಒಂದು ತಿಂಗಳು ಅಣ್ಣನ ಮುಖದ ಬಣ್ಣ ನಿಂತಿತು. ಡಿಪೋದವರು, ಏನಪ್ಪ, ಎಣ್ಣೆಯಲ್ಲಿ ಕರಿದು ತೆಗೆದ ಹಾಗಿದ್ದೀಯ ಎಂದು ರೇಗಿಸಿದರು. ಬಣ್ಣ ಇಳಿದ ಮೇಲೆ ಅವನೂ ಇಳಿದ. ಈ ಸಲ ಇಳಿತ ಬೇಗ. ಮಾತ್ರೆ ಬದಲಾಯಿತು, ಪ್ರಮಾಣ ಹೆಚ್ಚಿತು. ಹೊಳೆಯುವ ದೀಪದ ಪೆಟ್ಟಿಗೆಯೊಂದನ್ನು ಡಾಕ್ಟರಮ್ಮ ಕೊಟ್ಟು, ದಿನಾ ಅರ್ಧ ಗಂಟೆ ಮುಂದೆ ಕೂರಿಸಿ ಎಂದರು. ಅವನು ಹೇಳಿದ ಮಾತು ಕೇಳುವ ಮಗುವಿನಂತೆ ಕೂರುತ್ತಿದ್ದ. ಒಂದು ದಿನವೂ ನೀನು ಹಾಗೆ ಮಾಡಿದೆ, ಹೀಗೆ ಮಾಡಿದೆ ಎಂದವನಲ್ಲ. ಅಂದಿದ್ದರೆ ಅವಳೂ ಎದುರು ಮಾತಾಡಿ, ಅತ್ತು, ಹಗುರಾಗುತ್ತಿದ್ದಳೇನೋ. ಅದು ಅವಳಿಗೆ ನುಂಗಲೂ ಆಗದ, ಉಗುಳಲೂ ಆಗದ ತುತ್ತಾಗಿ ಗಂಟಲಲ್ಲೇ ಉಳಿಯಿತು. ಊಟಕ್ಕೆ ಬಡಿಸುವಾಗ, ಇನ್ನು ಹದಿನೆಂಟು ತಿಂಗಳು, ಇನ್ನು ಹದಿನಾಲ್ಕು ತಿಂಗಳು ಎಂದು ಅವಳೇ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಕೊನೆಯ ಏಳು ತಿಂಗಳು ಅವನ ಕೈಗೆ ಬಸ್ಸು ಕೊಡಲಿಲ್ಲ. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನು ಇಡುವ ಕೋಣೆಯಲ್ಲಿ ಕೂರಿಸಿದರು. ಆ ಊರಿನ ಜನ ಮರೆಯುವುದು ಇನ್ನೇನನ್ನು? ನೆಲದಿಂದ ತೊಲೆಯವರೆಗೆ ಕೊಡೆಗಳು. ದಾರದಲ್ಲಿ ಚೀಟಿ ಕಟ್ಟಿ, ಮಾರ್ಗದ ನಂಬರು ಬರೆದು, ಗೂಟಕ್ಕೆ ನೇತುಹಾಕುವುದು ಅವನ ಕೆಲಸ. ಅವಳು ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದಳು. ಕಿಟಕಿಯಿಲ್ಲದ ಕೋಣೆ, ಮುಗ್ಗಲು ವಾಸನೆ. ಅಣ್ಣ ತೊಡೆಯ ಮೇಲೆ ಒಂದು ಒದ್ದೆ ಕೊಡೆ ಇಟ್ಟುಕೊಂಡು, ಚೀಟಿ ಕೈಯಲ್ಲಿ ಹಿಡಿದು, ಬರೆಯದೆ ಕೂತಿದ್ದ. ಪ್ಯಾಂಟು ನೆನೆದಿದ್ದೂ ಅವನಿಗೆ ಗೊತ್ತಿರಲಿಲ್ಲ. ಅವಳು ಡಬ್ಬಿಯನ್ನು ಬಾಗಿಲಲ್ಲಿಟ್ಟು, ಕರೆಯದೆ ತಿರುಗಿ ಬಂದಳು.

ನಿವೃತ್ತಿಯಾದ ಮೂರನೆಯ ವಾರಕ್ಕೆ ಅವಳು ಮನೆ ಖಾಲಿ ಮಾಡಿದಳು. ಮೆಷೀನನ್ನು ಗೋಣಿಯಲ್ಲಿ ಸುತ್ತಿ ಲಗೇಜಿಗೆ ಹಾಕಿದಳು. ಬೀದಿಯವರು, ಪುಣ್ಯವಂತರು ನೀವು ಎಂದರು. ಅವಳಿಗೂ ಹಾಗೇ ಅನ್ನಿಸಿತು. ತಡವಾದರೂ ಕೊಟ್ಟ ಮಾತು ಉಳಿಸಿಕೊಂಡೆ ಎನ್ನಿಸಿತು.

ಅದೇ ಮನೆ, ಅದೇ ಮೆಟ್ಟಿಲು, ಅದೇ ಕೋಣೆ. ಕಿಟಕಿಯಲ್ಲಿ ಅಷ್ಟೇ ಬಿಸಿಲು. ಮೂರು ದಿನ ಅಣ್ಣ ಮಲಗಿಯೇ ಇದ್ದ, ಅವಳು ಗಾಬರಿಯಾಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬೇಗನೆ ಎದ್ದು ಕಿವಿಗೊಟ್ಟು ಕೂತಳು. ಅಣ್ಣ ಎದ್ದ, ಕಿಟಕಿಯ ಹತ್ತಿರ ಹೋದ, ಪರದೆ ಎಳೆದು ಮತ್ತೆ ಮಲಗಿದ. ಕಣ್ಣಿಗೆ ಚುಚ್ಚುತ್ತೆ ಎಂದ.

ಐದನೆಯ ದಿನವೂ ಹಾಗೇ, ಹತ್ತನೆಯ ದಿನವೂ ಹಾಗೇ. ಮನೆಯೊಡತಿ ಬೇಕೆಂದೇ ಪಂಪು ಕೆಟ್ಟಿದೆಯೆಂದು ಹೇಳಿಕಳಿಸಿದಳು. ಅವನು, ಯಾರಾದರೂ ರಿಪೇರಿಯವನನ್ನು ಕರೆಸಲಿ ಎಂದ. ಮಿನಿಬಸ್ಸಿನ ಯಜಮಾನ ಎರಡು ಸಲ ಬಂದು ಅಂಗಳದಲ್ಲಿ ನಿಂತು ಕೂಗಿದ. ಮೂರನೆಯ ಸಲ ಮೇಲೆ ಹತ್ತಿಯೇ ಬಂದ. ಇಬ್ಬರೂ ಕಾಲು ಗಂಟೆ ಎದುರುಬದುರು ಕೂತರು. ಇಳಿಯುವಾಗ ಯಜಮಾನ ಮೆಟ್ಟಿಲಲ್ಲಿ ಅವಳನ್ನು ನಿಲ್ಲಿಸಿ, "ಆವತ್ತು ಬಂದಿದ್ರಲ್ಲ, ಅವರು ಇವರೇನಾ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹೌದು ಎಂದು ಅವಳು ದಾರಿ ಬಿಟ್ಟು ನಿಂತಳು. ಬಂದರಿನ ಊರಿನ ಡಾಕ್ಟರನ್ನೂ ಕಂಡು ಬಂದರು. ಬಹಳ ದಿನ ಬಿಟ್ಟುಬಿಟ್ಟಿದ್ದೀರಿ, ನೋಡೋಣ ಎಂದರು ಅವರು. ನೋಡೋಣ ಎಂಬ ಮಾತಿನ ಅರ್ಥ ಅವಳಿಗೆ ಗೊತ್ತಿತ್ತು. ಹೊಲಿಯಲು ಬಾರದಷ್ಟು ಜೀರ್ಣವಾದ ಕೋಟು ತಂದವರಿಗೆ ಅವಳೂ ಅದನ್ನೇ ಹೇಳುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ. ಪರದೆಯ ಸಂದಿಯಿಂದ ಬಿಸಿಲಿನ ಒಂದು ಗೆರೆ ನೆಲದ ಮೇಲೆ ಬಿದ್ದಿತ್ತು. ಅಣ್ಣ ಗೋಡೆಗೆ ಒರಗಿ ಕೂತಿದ್ದ, ತಟ್ಟೆಯ ಅನ್ನ ಮುಟ್ಟಿರಲಿಲ್ಲ. ಅವಳು ಹೇಳಬಾರದೆಂದು ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದ ಮಾತು, ಹೊಲಿಗೆ ಬಿಚ್ಚಿದ ಹಾಗೆ ಬಂದುಬಿಟ್ಟಿತು.

"ಅಣ್ಣ, ಆವತ್ತು ಪಿಂಚಣಿ ಅಂದಿದ್ದು ಸುಳ್ಳು. ಆ ಮನೇಲಿ ನಾನೊಬ್ಬಳೇ ಆಗಿಬಿಡ್ತೀನಿ ಅಂತ ಹೆದರಿಕೆಯಾಗಿತ್ತು. ಅದಕ್ಕೇ ನಿನ್ನ ಎಳ್ಕೊಂಡು ಹೋದೆ."

ಅವನು ತಲೆ ಎತ್ತಲಿಲ್ಲ. ದನಿಯಲ್ಲಿ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಗೊತ್ತಿತ್ತು ಕಣೇ. ಅದಕ್ಕೇ ಬಂದೆ."

ಅವಳು ಕಾದಳು. ಇನ್ನೊಂದು ಮಾತು ಬರಬಹುದು, ಪರವಾಗಿಲ್ಲ ಎನ್ನಬಹುದು, ಬೈಯಬಹುದು. ಅವನು ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿ, ಗೋಡೆಯ ಕಡೆ ತಿರುಗಿ ಮಲಗಿದ.

ತಟ್ಟೆ ತೊಳೆದಿಟ್ಟು ಅವಳು ಕೆಳಗಿಳಿದಳು. ಎಲ್ಲಿಗೆಂದು ಗೊತ್ತಿಲ್ಲದೆ ನಡೆದು ಸಮುದ್ರದ ದಂಡೆಗೆ ಬಂದಳು. ಸೀರೆ ಎತ್ತಿಕೊಂಡು ಮೊಣಕಾಲಿನ ತನಕ ನೀರಿನಲ್ಲಿ ನಿಂತಳು. ನೀರು ಬೆಚ್ಚಗಿತ್ತು. ಬೆನ್ನ ಮೇಲೆ ಬಿಸಿಲು, ಕಾಯಿಸಿದ ಬಟ್ಟೆ ಒತ್ತಿದ ಹಾಗೆ, ಬೀಳುತ್ತಿತ್ತು. ಎಷ್ಟೋ ವರ್ಷದಿಂದ ನೋಯುತ್ತಿದ್ದ ಬಲಭುಜ, ಇಸ್ತ್ರಿ ಹಿಡಿಯುವ ಭುಜ, ಈ ಎರಡು ತಿಂಗಳಲ್ಲಿ ನೋವು ಮರೆತಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು, ಕನ್ನಡಿಯಲ್ಲಿ ಮುಖ ತುಂಬಿಕೊಂಡಿತ್ತು. ಬಿಸಿಲು ಯಾರಿಗೆ ಹಿಡಿಯಬೇಕಿತ್ತೋ ಅವನನ್ನು ಬಿಟ್ಟು ಅವಳಿಗೆ ಹಿಡಿದಿತ್ತು. ಅಳು ಬರಬಹುದೆಂದು ನಿಂತಿದ್ದಳು, ಬರಲಿಲ್ಲ. ಬಂದದ್ದು ಹಸಿವು. ನಾಚಿಕೆಯಾಯಿತು.

ಹೊತ್ತು ಇಳಿಯುವ ತನಕ ಅಲ್ಲೇ ಇದ್ದು, ಕಾಲಿನ ಮರಳು ಕೊಡವಿಕೊಂಡು, ಅಣ್ಣನ ರಾತ್ರಿಯ ಮಾತ್ರೆಗೆ ಹೊತ್ತಾಯಿತೆಂದು ಅವಳು ಮನೆಯ ಕಡೆ ಹೊರಟಳು.